ಮೆಕ್ಕೆಜೋಳದ ಕೂಗು ಯಾರಿಗೆ ಕೇಳಿಸುತ್ತದೆ

ಬಿತ್ತನೆಯಾಗಿ ಮೂರು ವಾರ ಕಳೆಯಿತೆಂದರೆ ನನಗೆ ಬರುವ ಫೋನುಗಳೆಲ್ಲ ಒಂದೇ ಥರ. ಚನ್ನಗಿರಿಯವರು ಕೇಳುವುದೂ ಅದನ್ನೇ, ಜಗಳೂರಿನವರು ಕೇಳುವುದೂ ಅದನ್ನೇ. "ಜೋಳಕ್ಕೆ ಲದ್ದಿ ಹುಳ ಬಿದ್ದೈತೆ ಸಾರ್, ಯಾವ ಎಣ್ಣೆ ಹೊಡೀಬೇಕು?" ಹಿಂದೆಯೇ ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಬಂದು ಬೀಳುತ್ತದೆ. ಎಲೆಯ ಮೇಲೆ ಅಡ್ಡಸಾಲಿಗೆ ತೂತು, ಸುಳಿಯೊಳಗೆ ಒದ್ದೆ ಮರದ ಹೊಟ್ಟಿನಂಥ ಹಿಕ್ಕೆ. ಕಳೆದ ಮುಂಗಾರಿನಲ್ಲಿ ಜಗಳೂರು ಕಡೆಯ ಯುವಕನೊಬ್ಬ ಔಷಧಿಯ ಹೆಸರು ಬರೆದುಕೊಂಡ ಮೇಲೂ ಫೋನ್ ಇಡಲಿಲ್ಲ. "ಗಿಡಕ್ಕೂ ಹುಳಕ್ಕೂ ಏನು ಸಂಬಂಧ ಅಂತ ವಿಜ್ಞಾನಿಗಳು ವರ್ಷಗಟ್ಲೆ ಸಂಶೋಧನೆ ಮಾಡ್ತಾರಂತಲ್ಲ ಸಾರ್. ಹುಳ ತಿನ್ನುತ್ತೆ, ಗಿಡ ತಿನ್ನಿಸ್ಕೊಳ್ಳುತ್ತೆ. ಅದ್ರಲ್ಲಿ ತಿಳ್ಕೊಳ್ಳೋದು ಏನೈತೆ?" ಎಂದ. ಕೇಳಬೇಕಾದ ಪ್ರಶ್ನೆಯೇ. ಅವನ ಎರಡನೆಯ ಪ್ರಶ್ನೆಗೆ ಸರಿಯಾಗಿ ಉತ್ತರ ಸಿಕ್ಕಿದರೆ ಮೊದಲನೆಯದಕ್ಕೆ ಅರ್ಧ ಉತ್ತರ ಅದರಲ್ಲೇ ಸಿಗುತ್ತದೆ ಎಂಬುದು ನನ್ನ ನಂಬಿಕೆ.

ಈ ಹುಳ ನಮ್ಮ ನೆಲದ್ದಲ್ಲ. ಅಮೆರಿಕ ಖಂಡದ ಬಿಸಿ ಸೀಮೆ ಅದರ ತವರು. 1797ರಷ್ಟು ಹಿಂದೆಯೇ ಅದಕ್ಕೆ ವೈಜ್ಞಾನಿಕ ಹೆಸರು ಬಿದ್ದಿತ್ತು. ಈಗಿನ ಹೆಸರು ಸ್ಪೊಡಾಪ್ಟೆರಾ ಫ್ರುಜಿಪರ್ಡಾ. 2016ರಲ್ಲಿ ಅದು ಪಶ್ಚಿಮ ಆಫ್ರಿಕದಲ್ಲಿ ಕಾಣಿಸಿಕೊಂಡಿತು. 2018ರ ಮೇ ತಿಂಗಳಲ್ಲಿ ಭಾರತದಲ್ಲಿ ಮೊಟ್ಟಮೊದಲು ಸಿಕ್ಕಿದ್ದು ನಮ್ಮ ದಾವಣಗೆರೆಯ ಪಕ್ಕದ ಶಿವಮೊಗ್ಗದಲ್ಲಿ. ಅಲ್ಲಿನ ಕೃಷಿ ಮತ್ತು ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ಕೀಟಶಾಸ್ತ್ರಜ್ಞರಾದ ಶರಣಬಸಪ್ಪ, ಸಿ.ಎಂ. ಕಲ್ಲೇಶ್ವರಸ್ವಾಮಿ ಮತ್ತು ಅವರ ಜೊತೆಗಾರರು ಮೆಕ್ಕೆಜೋಳದಲ್ಲಿ ಸಿಕ್ಕ ಮರಿಹುಳುಗಳನ್ನು ಸಾಕಿ, ಪತಂಗ ಮಾಡಿಸಿ, ಡಿಎನ್‌ಎ ಪರೀಕ್ಷೆಯನ್ನೂ ಮಾಡಿಸಿ ಇದು ಹೊರಗಿನಿಂದ ಬಂದ ಪೀಡೆಯೆಂದು ವರದಿ ಮಾಡಿದರು. ಗಾಳಿ ಕೂಡಿಬಂದರೆ ಈ ಪತಂಗ ಒಂದೇ ರಾತ್ರಿಗೆ 100 ಕಿಲೋಮೀಟರ್ ಹಾರಬಲ್ಲದು. ನ್ಯಾಮತಿ, ಹೊನ್ನಾಳಿ, ಚನ್ನಗಿರಿ ಅದಕ್ಕೆ ಒಂದು ರಾತ್ರಿಯ ದಾರಿ.

ಆ ವರ್ಷದ ಮುಂಗಾರನ್ನು ನಾನು ಮರೆತಿಲ್ಲ. ನ್ಯಾಮತಿ ಹತ್ತಿರ ನಮ್ಮಕ್ಕನ ಮನೆ. ಭಾವನದು ಮಳೆಯಾಶ್ರಯದ ಮೂರು ಎಕರೆ ಕೆಂಪು ಮಣ್ಣು, ಪೂರ್ತಿ ಮೆಕ್ಕೆಜೋಳ. ಹುಳ ಕಂಡ ಮರುದಿನವೇ ಅಂಗಡಿಗೆ ಓಡಿದರು. ಅಂಗಡಿಯವರು ಮೂರು ಬಾಟಲಿ ಕೊಟ್ಟು ಮೂರನ್ನೂ ಕಲಸಿ ಹೊಡೆಯಿರಿ ಎಂದರು. ಹೊಡೆದರು. ವಾರ ಬಿಟ್ಟು ಮತ್ತೆ ಹೊಡೆದರು. ಒಟ್ಟು ನಾಲ್ಕು ಸಲ. ಕ್ಯಾನ್ ಹೊತ್ತ ಆಳುಗಳಿಗೆ ಕಣ್ಣುರಿ, ವಾಂತಿ. ಹುಳ ಮಾತ್ರ ಸುಳಿಯೊಳಗೆ ಹಾಗೇ ಇತ್ತು. "ಎಣ್ಣೆಗೆ ಹಾಕಿದ ದುಡ್ಡೂ ಹುಟ್ಟಲಿಲ್ಲ ನೋಡಪ್ಪ" ಎಂದು ಭಾವ ಕಣದಲ್ಲಿ ಕೂತು ಹೇಳಿದ ಮಾತು ಇವತ್ತಿಗೂ ಕಿವಿಯಲ್ಲಿದೆ.

ಎಣ್ಣೆ ಏಕೆ ನಾಟಲಿಲ್ಲ ಎಂಬುದು ಒಂದು ಸುಳಿ ಬಿಚ್ಚಿ ನೋಡಿದರೆ ತಿಳಿಯುತ್ತದೆ. ಬೆಳಗಿನ ಇಬ್ಬನಿ ಆರುವ ಮುಂಚೆ ಹೊಲಕ್ಕೆ ಇಳಿದು ಮೊಣಕಾಲೆತ್ತರದ ಒಂದು ಗಿಡ ಹಿಡಿಯಿರಿ. ಸುತ್ತಿಕೊಂಡ ಎಲೆಗಳನ್ನು ಬಾಳೆಯ ಸುಳಿ ಬಿಡಿಸಿದ ಹಾಗೆ ಒಂದೊಂದೇ ಬಿಡಿಸಿ. ಮೊದಲು ಕೈಗೆ ಹತ್ತುವುದು ಹಿಕ್ಕೆ, ಬಿರಡೆಯ ಹಾಗೆ ಸುಳಿಯ ಬಾಯಿಗೆ ಕೂತಿರುತ್ತದೆ. ಮೇಲಿನಿಂದ ಬಿದ್ದ ಔಷಧಿ ಅಲ್ಲೇ ನಿಲ್ಲುತ್ತದೆ. ಅದರ ಕೆಳಗೆ ಹುಳ. ತಲೆಯ ಮೇಲೆ ಇಂಗ್ಲಿಷಿನ ವೈ ಅಕ್ಷರ ತಲೆಕೆಳಗಾಗಿ ಬರೆದಂಥ ತಿಳಿ ಗೆರೆ, ಬಾಲದ ಹತ್ತಿರ ಚೌಕಾಕಾರಕ್ಕೆ ನಾಲ್ಕು ಕಪ್ಪು ಚುಕ್ಕೆ. ಸಾಮಾನ್ಯವಾಗಿ ಒಂದು ಸುಳಿಗೆ ಒಂದೇ ದೊಡ್ಡ ಹುಳ ಸಿಗುತ್ತದೆ. ಪತಂಗ ಒಂದೊಂದು ಸಲಕ್ಕೆ 100ರಿಂದ 200 ಮೊಟ್ಟೆ ಇಟ್ಟು ಮೇಲೆ ತನ್ನ ಮೈಯ ನಯವಾದ ರೋಮ ಹೊದಿಸಿ ಹೋಗುತ್ತದೆ. ಮೂರು ನಾಲ್ಕು ದಿನಕ್ಕೆ ಒಡೆದ ಮರಿಗಳು ಎಳೆ ನೂಲು ಬಿಟ್ಟು ಗಾಳಿಯಲ್ಲಿ ತೇಲಿ ಪಕ್ಕದ ಗಿಡಗಳಿಗೆ ಹರಡುತ್ತವೆ. ಒಂದೇ ಸುಳಿಗೆ ಎರಡು ಮೂರು ಬಂದರೆ ಒಂದನ್ನೊಂದು ತಿಂದು ಒಂದು ಉಳಿಯುತ್ತದೆ.

ಹುಳ ತಿನ್ನುತ್ತೆ ಸರಿ, ಆದರೆ ಗಿಡ ಸುಮ್ಮನೆ ತಿನ್ನಿಸಿಕೊಳ್ಳುವುದಿಲ್ಲ. ಇದನ್ನು ಮೆಕ್ಕೆಜೋಳದಲ್ಲೇ ತೋರಿಸಿಕೊಟ್ಟವರು ಟೆಡ್ ಟರ್ಲಿಂಗ್ಸ್ ಎಂಬ ವಿಜ್ಞಾನಿ. ಮುಂದೆ ಸ್ವಿಟ್ಜರ್‌ಲೆಂಡಿನ ನ್ಯೂಶಾಟೆಲ್ ವಿಶ್ವವಿದ್ಯಾಲಯದಲ್ಲಿ ಹೆಸರು ಮಾಡಿದ ಅವರು 1990ರಲ್ಲಿ ಅಮೆರಿಕದಲ್ಲಿ ಜೇಮ್ಸ್ ಟಮ್ಲಿನ್ಸನ್, ಜೋ ಲೂಯಿಸ್ ಅವರೊಂದಿಗೆ ಮಾಡಿದ ಪ್ರಯೋಗ ಬಹಳ ಸರಳ. ನಮ್ಮ ಲದ್ದಿ ಹುಳದ ದಾಯಾದಿಯೇ ಆದ ಇನ್ನೊಂದು ಹುಳವನ್ನು ಜೋಳದ ಎಳೆ ಗಿಡದ ಮೇಲೆ ಬಿಟ್ಟರು. ಕೆಲವು ಗಂಟೆಗಳ ನಂತರ ಗಿಡದಿಂದ ಒಂದು ಬೇರೆಯೇ ವಾಸನೆ ಹೊರಟಿತು. ಕುಡುಗೋಲು ತಗುಲಿದ ಕೂಡಲೇ ಏಳುವ ಹಸಿ ಹುಲ್ಲಿನ ವಾಸನೆ ನಮಗೆಲ್ಲ ಗೊತ್ತು, ಇದು ಅದಲ್ಲ. ಎಲೆಯನ್ನು ಬ್ಲೇಡಿನಿಂದ ಗೀರಿ ಬಿಟ್ಟರೆ ಈ ಎರಡನೆಯ ವಾಸನೆ ಹೆಚ್ಚಾಗಿ ಬರಲಿಲ್ಲ. ಅದೇ ಗೀರಿನ ಮೇಲೆ ಹುಳದ ಎಂಜಲು ಸವರಿದರೆ ಜೋರಾಗಿ ಬಂತು. ಗಿಡಕ್ಕೆ ಕುಡುಗೋಲಿನ ಗಾಯಕ್ಕೂ ಹುಳ ಕಚ್ಚಿದ ಗಾಯಕ್ಕೂ ವ್ಯತ್ಯಾಸ ತಿಳಿದಿತ್ತು.

ಆ ವಾಸನೆ ಹಿಡಿದು ಬಂದದ್ದು ಒಂದು ಸಣ್ಣ ಕಣಜ. ಮನೆಯ ಸೂರಿನಲ್ಲಿ ಮಣ್ಣಿನ ಗೂಡು ಕಟ್ಟುವ ಕಣಜವಲ್ಲ, ಸೊಳ್ಳೆಗಿಂತ ಚಿಕ್ಕದು, ಮನುಷ್ಯರ ತಂಟೆಗೆ ಬಾರದು. ಅದು ಹುಳದ ಮೈಯೊಳಗೆ ಮೊಟ್ಟೆ ಇಡುತ್ತದೆ. ಮರಿಗಳು ಹುಳವನ್ನು ಒಳಗಿನಿಂದಲೇ ತಿಂದು ಬೆಳೆಯುತ್ತವೆ. ಇಷ್ಟು ಚಿಕ್ಕ ಜೀವಿ ಎಕರೆಗಟ್ಟಲೆ ಹೊಲದಲ್ಲಿ, ಸುಳಿಯೊಳಗೆ ಅಡಗಿದ ಹುಳವನ್ನು ಹೇಗೆ ಹುಡುಕುತ್ತದೆ ಎಂಬುದು ಕೀಟಶಾಸ್ತ್ರಜ್ಞರಿಗೆ ಬಹುಕಾಲದ ಒಗಟಾಗಿತ್ತು. ಹುಡುಕಿಕೊಡುತ್ತಿದ್ದದ್ದು ಗಿಡವೇ, ವಾಸನೆಯ ಕೂಗು ಹಾಕಿ. ಹುಳದ ಎಂಜಲಿನಲ್ಲಿ ಈ ಕೂಗನ್ನು ಎಬ್ಬಿಸುವ ವಸ್ತು ಯಾವುದೆಂದು 1997ರಲ್ಲಿ ಗೊತ್ತಾಯಿತು. ಅದಕ್ಕೆ ವೊಲಿಸಿಟಿನ್ ಎಂದು ಹೆಸರಿಟ್ಟರು. ಕಚ್ಚಿಸಿಕೊಂಡ ಎಲೆ ಮಾತ್ರವಲ್ಲ, ಅದೇ ಗಿಡದ ಗಾಯವಿಲ್ಲದ ಎಲೆಗಳೂ ಆ ವಾಸನೆ ಬಿಡುತ್ತವೆ. ಒಂದು ಎಲೆಗೆ ಕಳ್ಳ ನುಗ್ಗಿದರೆ ಇಡೀ ಗಿಡವೇ ಕೂಗುತ್ತದೆ ಎನ್ನಿ.

ಹಾಗಾದರೆ ನಮ್ಮ ಹೊಲದಲ್ಲಿ ಆ ಕೂಗಿಗೆ ಏನಾಯಿತು? ಇಲ್ಲಿ ಹುಳದ ಕಡೆಯ ಕಥೆ ಕೇಳಬೇಕು. ಲದ್ದಿ ಹುಳ ಎಂದು ನಮ್ಮ ರೈತರು ಕರೆಯುವುದು ಅದು ಹಾಕುವ ಲದ್ದಿಯಿಂದ. ಆ ಹಿಕ್ಕೆಯನ್ನೇ ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯ ವಿಶ್ವವಿದ್ಯಾಲಯದವರು ಪರೀಕ್ಷೆಗೆ ತೆಗೆದುಕೊಂಡರು. ಗಿಡಕ್ಕೆ ಎರಡು ಬಗೆಯ ಕಾವಲಿದೆ. ಹುಳ ಕಡಿದರೆ ಎದ್ದೇಳುವ ಕಾವಲು ಒಂದು, ಬೂಷ್ಟು ರೋಗದಂಥದ್ದು ಬಂದರೆ ಎದ್ದೇಳುವುದು ಇನ್ನೊಂದು. ಎರಡೂ ಒಟ್ಟಿಗೆ ಪೂರ್ತಿ ಬಲದಲ್ಲಿ ನಡೆಯುವುದು ಕಷ್ಟ. ಒಂದು ಏರಿದರೆ ಇನ್ನೊಂದು ಇಳಿಯುತ್ತದೆ. ಈ ಹುಳದ ಹಿಕ್ಕೆಯಲ್ಲಿರುವ ಪ್ರೋಟೀನುಗಳು ಸುಳಿಯ ಗಾಯಕ್ಕೆ ತಗುಲಿದಾಗ ಗಿಡ ರೋಗ ಬಂತೆಂದು ತಿಳಿದು ಆ ಕಡೆ ತಿರುಗುತ್ತದೆ. ಹುಳದ ವಿರುದ್ಧದ ಕಾವಲು ಸಡಿಲಾಗುತ್ತದೆ. ಇದರಲ್ಲೂ ನನ್ನನ್ನು ಬೆರಗಾಗಿಸಿದ ಸಂಗತಿಯೆಂದರೆ ಆ ಪ್ರೋಟೀನುಗಳು ಗಿಡದವೇ, ಹುಳದ ಹೊಟ್ಟೆಯಲ್ಲಿ ಹಾದು ಬಂದವು. ಗಿಡ ತನ್ನ ರಕ್ಷಣೆಗೆ ತಯಾರಿಸಿದ್ದನ್ನೇ ಹುಳ ತಿಂದು ಹೊರಹಾಕಿ ಗಿಡದ ವಿರುದ್ಧ ತಿರುಗಿಸಿದೆ. ಅದರ ಜೊತೆಗೆ, ತನ್ನ ದಾಯಾದಿ ಹುಳುಗಳಿಗೆ ಹೋಲಿಸಿದರೆ ಈ ಹುಳ ಕಡಿದಾಗ ಜೋಳ ಬಿಡುವ ವಾಸನೆಯೂ ಕಡಿಮೆ ಎಂದು 2020ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ತೋರಿಸಿತು. ಕೂಗುವವರ ಬಾಯಿ ಅದುಮಿ ಹಿಡಿಯುವ ಕಳ್ಳ ಇದು. ಹತ್ತಿಪ್ಪತ್ತು ಕೀಟಗಳ ನಡುವೆ ಈ ಒಂದು ಹುಳ ಜೋಳಕ್ಕೆ ಇಷ್ಟು ಮಾರಿಯಾದದ್ದು ಏಕೆಂದು ಇದರಿಂದ ಸ್ವಲ್ಪ ಅರ್ಥವಾಗುತ್ತದೆ.

ಗಿಡದ ಕಡೆಯಲ್ಲೂ ಒಂದು ನಷ್ಟವಾಗಿದೆ, ಅದನ್ನು ಮಾಡಿದವರು ನಾವು. ಕೆನ್ಯಾದಲ್ಲಿ ಕೇಂದ್ರ ಕಚೇರಿ ಇರುವ ಐಸಿಪ್ ಎಂಬ ಅಂತರರಾಷ್ಟ್ರೀಯ ಕೀಟ ಸಂಶೋಧನಾ ಸಂಸ್ಥೆಯವರು ಜೋಳದ ಕಾಂಡ ಕೊರಕವನ್ನು ಇಟ್ಟುಕೊಂಡು ಒಂದು ಪರೀಕ್ಷೆ ನಡೆಸಿದರು. ನಮ್ಮ ಬಿಳಿಜೋಳದ ಹೊಲಗಳಲ್ಲಿ ಅಜ್ಜಂದಿರ ಕಾಲದಿಂದ ಕಾಡುತ್ತಿದ್ದ ಕೊರಕವೇ ಅದು; ಏಷ್ಯದಿಂದ ಆಫ್ರಿಕಕ್ಕೆ ಹೋಗಿ ಸೇರಿದ್ದು. 2011ರಲ್ಲಿ ಪ್ರಕಟವಾದ ಅವರ ಫಲಿತಾಂಶ ಹೀಗಿದೆ: ಲ್ಯಾಟಿನ್ ಅಮೆರಿಕದ ಕೆಲವು ನಾಟಿ ಮೆಕ್ಕೆಜೋಳಗಳು ಎಲೆಯ ಮೇಲೆ ಪತಂಗ ಮೊಟ್ಟೆ ಇಟ್ಟ ಕೂಡಲೇ, ಅಂದರೆ ಹುಳ ಹುಟ್ಟಿ ಬಾಯಿ ಹಾಕುವ ಮೊದಲೇ, ಕಣಜಗಳನ್ನು ಕರೆದವು. ಜೊತೆಗಿಟ್ಟು ಪರೀಕ್ಷಿಸಿದ ವಾಣಿಜ್ಯ ಹೈಬ್ರಿಡ್‌ಗಳು ಕರೆಯಲಿಲ್ಲ. ತೆನೆಯ ತೂಕ, ಕಾಳಿನ ಸಾಲು, ಒಂದೇ ಎತ್ತರ ಇವನ್ನೇ ನೋಡಿ ನೋಡಿ ತಳಿ ಆರಿಸುವಾಗ ಕರೆಯುವ ಗುಣವನ್ನು ಯಾರೂ ನೋಡಲಿಲ್ಲ. ಕಣ್ಣಿಗೆ ಕಾಣದ್ದು ಸದ್ದಿಲ್ಲದೆ ಕಳೆದುಹೋಗಿದೆ. ಹೈಬ್ರಿಡ್ ಬೇಡ ಎಂದು ನಾನು ಹೇಳುತ್ತಿಲ್ಲ. ದಾವಣಗೆರೆ ಸೀಮೆಯ ಮಳೆಯಾಶ್ರಯದ ಮನೆಗಳಲ್ಲಿ ಮಕ್ಕಳ ಕಾಲೇಜು ಫೀಸು, ಮದುವೆ, ಸಾಲದ ಕಂತು ಎಲ್ಲ ನಡೆದಿರುವುದು ಆ ಬೀಜದಿಂದಲೇ. ಆದರೆ ಬೀಜ ತಯಾರಿಸುವವರು ಇನ್ನು ಮುಂದೆ ಈ ಗುಣವನ್ನೂ ನೋಡಿ ತಳಿ ಆರಿಸಬೇಕು ಎಂದು ಕೇಳುವ ಹಕ್ಕು ಬೀಜಕ್ಕೆ ದುಡ್ಡು ಕೊಡುವ ರೈತನಿಗಿದೆ.

ಒಂದು ಅಡ್ಡಮಾತು ಹೇಳಿಬಿಡುತ್ತೇನೆ. ಹೊರಗೆ ಚೆಂದ, ಒಳಗೆ ಹುಳುಕು ಎಂದು ಬೈಯಲು ನಾವು ಅತ್ತಿಹಣ್ಣನ್ನು ಎತ್ತಿ ಆಡುತ್ತೇವೆ. ಹಳ್ಳದ ದಂಡೆಯ ಆ ಅತ್ತಿಯ ಮೇಲೆಯೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರೆನೀ ಬೋರ್ಜಸ್ ವರ್ಷಗಟ್ಟಲೆ ಸಂಶೋಧನೆ ಮಾಡಿದ್ದಾರೆ. ಹಣ್ಣಿನಲ್ಲಿರುವ ಆ 'ಹುಳ' ಕೂಡ ಸಣ್ಣ ಕಣಜವೇ. ಅತ್ತಿಯ ಹೂಗಳು ಕಾಯಿಯೊಳಗೇ ಅಡಗಿರುತ್ತವೆ. ಹದಕ್ಕೆ ಬಂದ ಕಾಯಿ ಬಿಡುವ ವಾಸನೆ ಹಿಡಿದು ಹೆಣ್ಣು ಕಣಜ ಬರುತ್ತದೆ, ಕಿರಿದಾದ ಕಂಡಿಯಲ್ಲಿ ನುಸುಳಿ ಒಳಗಿನ ಹೂಗಳಿಗೆ ಪರಾಗ ತಲುಪಿಸುತ್ತದೆ, ಅಲ್ಲೇ ಮೊಟ್ಟೆಯಿಟ್ಟು ಸಾಯುತ್ತದೆ. ರೆಕ್ಕೆ ಬಂದ ಮೇಲೆ ಅದರ ಆಯುಸ್ಸು ಒಂದೆರಡು ದಿನ. ಅಷ್ಟರಲ್ಲಿ ಇನ್ನೊಂದು ಅತ್ತಿಮರ ಹುಡುಕಿಕೊಳ್ಳಬೇಕು. ಆ ಕಣಜ ಇಲ್ಲದಿದ್ದರೆ ಅತ್ತಿಯಲ್ಲಿ ಬೀಜ ಕಟ್ಟುವುದೇ ಇಲ್ಲ. ಗಿಡ ಮತ್ತು ಹುಳದ ನಡುವಿನ ವಾಸನೆಯ ಮಾತು ಪುಸ್ತಕದಲ್ಲಿ ಮಾತ್ರ ಇರುವಂಥದ್ದಲ್ಲ, ನಮ್ಮ ಬದುವಿನಲ್ಲೇ ನಡೆಯುತ್ತಿದೆ ಎಂದು ತೋರಿಸಲು ಇದನ್ನು ಹೇಳಿದೆ.

ಮತ್ತೆ ಹೊಲಕ್ಕೆ ಬರೋಣ. ಈ ತಿಳಿವಳಿಕೆಯನ್ನು ರೈತರ ಕೈಗೆ ಕೊಟ್ಟವರಲ್ಲಿ ಮುಖ್ಯರು ಅದೇ ಐಸಿಪ್‌ನಲ್ಲಿದ್ದ ಭಾರತ ಮೂಲದ ಕೀಟಶಾಸ್ತ್ರಜ್ಞ ಜಿಯಾವುರ್ ಖಾನ್. ಜೋಳದ ಸಾಲುಗಳ ನಡುವೆ ಡೆಸ್ಮೋಡಿಯಂ ಎಂಬ ದ್ವಿದಳ ಜಾತಿಯ ಬಳ್ಳಿ ಬೆಳೆಸುವುದು, ಹೊಲದ ಸುತ್ತ ನೇಪಿಯರ್ ಥರದ ಮೇವಿನ ಹುಲ್ಲು ಹಾಕುವುದು, ಇದೇ ಅವರ ವಿಧಾನ. ಬಳ್ಳಿಯ ವಾಸನೆ ಪತಂಗವನ್ನು ಜೋಳದಿಂದ ದೂಡುತ್ತದೆ, ಅಂಚಿನ ಹುಲ್ಲು ತನ್ನ ಕಡೆ ಸೆಳೆಯುತ್ತದೆ. ಈ ಬಗೆಯ ಹೊಲಗಳಲ್ಲಿ ಲದ್ದಿ ಹುಳ ಶೇ 80ಕ್ಕಿಂತ ಹೆಚ್ಚು ಕಡಿಮೆ ಇದ್ದದ್ದನ್ನು ಪೂರ್ವ ಆಫ್ರಿಕದಲ್ಲಿ ಲೆಕ್ಕ ಹಾಕಿ 2018ರಲ್ಲಿ ಪ್ರಕಟಿಸಿದರು. ಇದನ್ನು ಓದಿದಾಗ ನನಗೆ ನೆನಪಾದದ್ದು ಹೊನ್ನಾಳಿ ಕಡೆಯ ನನ್ನ ಅಜ್ಜಿ. ಬಿತ್ತುವ ದಿನ ಕೂರಿಗೆಯ ಹಿಂದೆ ಅಕ್ಕಡಿ ಹಿಡಿದು ಹೋಗುವುದು ಅವಳ ಕೆಲಸ. ಮಡಿಲಲ್ಲಿ ತೊಗರಿ, ಅವರೆ, ಅಲಸಂದೆ, ಹುಚ್ಚೆಳ್ಳು. ಇಷ್ಟು ಸಾಲಿಗೊಂದು ಅಕ್ಕಡಿ ಸಾಲು, ಅಂದರೆ ಮಿಶ್ರಬೆಳೆಯ ಸಾಲು, ಎಂಬ ಲೆಕ್ಕ ಅವಳಿಗೆ ಬಾಯಿಪಾಠವಾಗಿತ್ತು. ಮನೆಗೆ ಬೇಳೆಕಾಳು ಆಯಿತು, ಎತ್ತಿಗೆ ಹೊಟ್ಟು ಆಯಿತು ಎಂಬುದಷ್ಟೇ ಅವಳು ಹೇಳುತ್ತಿದ್ದ ಕಾರಣ. ಹುಚ್ಚೆಳ್ಳಿನ ಹಳದಿ ಹೂವಿಗೆ ಜೇನು, ಕಣಜಗಳು ಮುತ್ತುತ್ತಿದ್ದದ್ದು ನನಗೆ ಈಗ ಹೊಸದಾಗಿ ಕಾಣುತ್ತಿದೆ. ಬೆಳೆದು ರೆಕ್ಕೆ ಬಂದ ಕಣಜಗಳು ಮಕರಂದ ಕುಡಿದು ಬದುಕುತ್ತವೆ. ಹೂವಿಲ್ಲದ ಹೊಲದಲ್ಲಿ ಗಿಡ ಎಷ್ಟು ಕೂಗಿದರೂ ಓಡಿಬರಲು ಅವು ಇರಬೇಕಲ್ಲ? ಕಣ್ಣು ಹಾಯುವವರೆಗೆ ಒಂದೇ ಬೆಳೆ ಹಾಕಿದ ಮೇಲೆ ಅಕ್ಕಡಿಯೂ ಹೋಯಿತು, ಅವೂ ಹೋದವು. ಲದ್ದಿ ಹುಳದ ಹತೋಟಿಗೆ ಮೆಕ್ಕೆಜೋಳದೊಂದಿಗೆ ತೊಗರಿ, ಉದ್ದು, ಹೆಸರು ಬೆಳೆಯಿರಿ, ಅಂಚಿಗೆ ನೇಪಿಯರ್ ಹಾಕಿ ಎಂದು ಈಗ ಭಾರತೀಯ ಕೃಷಿ ಸಂಶೋಧನಾ ಪರಿಷತ್ತೇ ಶಿಫಾರಸು ಮಾಡುತ್ತಿದೆ.

ಮೂರು ವರ್ಷದಿಂದ ಭಾವ ಎಂಟು ಸಾಲಿಗೆ ಎರಡು ಸಾಲು ತೊಗರಿ ಹಾಕುತ್ತಿದ್ದಾರೆ. ಮೊದಲ ಮೂವತ್ತು ದಿನ ಎಣ್ಣೆ ಮುಟ್ಟುವುದಿಲ್ಲ. ಮೊಟ್ಟೆಯ ಗುಂಪು ಕಂಡರೆ ಅಕ್ಕ ಎಲೆಯ ಮೇಲೇ ಹೊಸಕಿಬಿಡುತ್ತಾಳೆ. ಸುಳಿಗೆ ಒಂಬತ್ತು ಪಾಲು ಮರಳಿಗೆ ಒಂದು ಪಾಲು ಸುಣ್ಣ ಬೆರೆಸಿ ಚಿಟಿಕೆ ಚಿಟಿಕೆ ಉದುರಿಸುತ್ತಾರೆ; ಇದೂ ಶಿಫಾರಸಿನಲ್ಲಿರುವುದೇ. ಹುಳ ಪೂರ್ತಿ ಹೋಗಿಲ್ಲ, ಹೋಗುವುದೂ ಇಲ್ಲ. ಎಲೆ ಹರಿದ ಗಿಡಗಳೂ ಬಹಳಷ್ಟು ಚೇತರಿಸಿಕೊಂಡು ತೆನೆ ಕೊಟ್ಟವು. ಕಳೆದ ಆಗಸ್ಟಿನಲ್ಲಿ ಜಡಿಮಳೆ ಹಿಡಿದಾಗ ಅವರ ಹೊಲದಲ್ಲಿ ನಾನು ಎರಡು ನೋಟ ಕಂಡೆ. ಎಲೆಗೆ ಕಚ್ಚಿಕೊಂಡೇ ಕಡ್ಡಿಯಂತೆ ಸೆಟೆದು ಸತ್ತ ಹುಳ, ಮೈತುಂಬ ಸುಣ್ಣ ಬಳಿದಂತೆ ಬಿಳಿ, ಪಕ್ಕದ ಗಿಡದಲ್ಲಿ ಅಂಥದ್ದೇ ಇನ್ನೊಂದು ತಿಳಿಹಸಿರು ಪುಡಿ ಹೊತ್ತು ನಿಂತಿತ್ತು. ಅದು ಮೆಟಾರೈಜಿಯಂ ರಿಲೈ ಎಂಬ ಶಿಲೀಂಧ್ರದ ಕೆಲಸ. ಹಳಬರು ನೊಮುರಿಯಾ ಎನ್ನುತ್ತಾರೆ. ಇನ್ನೊಂದು ಕಡೆ ಮುದುಡಿದ ಎಳೆ ಹುಳದ ಪಕ್ಕ ಅಕ್ಕಿಕಾಳಿಗಿಂತ ಸಣ್ಣ ಬಿಳಿ ಗೂಡು. ಕಣಜ ಬಂದು ಹೋಗಿತ್ತು. "ಇದನ್ನೂ ಹುಳ ಅಂತ ಇಷ್ಟು ವರ್ಷ ಕೊಂದಿವಲ್ಲಪ್ಪ" ಎಂದು ಭಾವ ಆ ಗೂಡಿದ್ದ ಎಲೆಯನ್ನು ಹಾಗೇ ಬಿಟ್ಟು ಮುಂದೆ ಹೋದರು.

ಜಗಳೂರಿನ ಆ ಯುವಕನಿಗೆ ನನ್ನ ಉತ್ತರ ಇಷ್ಟು. ಎಣ್ಣೆ ಹೊಡೆಯಲೇಬಾರದು ಎಂಬ ಹಟ ನನ್ನದಲ್ಲ. ಎಳೆ ಪೈರಿನಲ್ಲಿ ನೂರಕ್ಕೆ ಐದು ಗಿಡಕ್ಕಿಂತ ಹೆಚ್ಚು ಹಾನಿ ಕಂಡರೆ ಮೊದಲು ಬೇವಿನ ಬೀಜದ ಕಷಾಯ. ಸುಳಿ ಬಲಿತ ಮೇಲೆ ನೂರಕ್ಕೆ ಹತ್ತು ದಾಟಿದರೆ ಶಿಫಾರಸಾದ ಒಂದೇ ಒಂದು ಔಷಧಿ, ಅದೂ ಬೆಳಗ್ಗೆ ಅಥವಾ ಸಂಜೆ, ಸುಳಿಯೊಳಗೇ ಇಳಿಯುವ ಹಾಗೆ. ಮೂರು ಬಾಟಲಿ ಕಲಸುವುದು ಖಂಡಿತ ಬೇಡ. ಹುಳ ಸುಳಿಯ ಬಿರಡೆಯ ಕೆಳಗೆ ಬೆಚ್ಚಗಿರುತ್ತದೆ; ಎಲೆಯ ಮೇಲೆ ಓಡಾಡುವ ಕಣಜ, ಜೇಡ, ಗುಲಗಂಜಿ ಹುಳುಗಳಿಗೆ ಆ ಮಿಶ್ರಣ ಮೊದಲು ತಾಗುತ್ತದೆ. ಕೂಗು ಕೇಳಿ ಬಂದವರನ್ನೇ ಕೊಂದ ಹಾಗಾಗುತ್ತದೆ.

ಈ ಮುಂಗಾರಿನಲ್ಲಿ ಕ್ಯಾನ್ ಹೆಗಲಿಗೇರಿಸುವ ಮುಂಚೆ ಹೊಲದ ಐದು ಕಡೆ ನಿಂತು ಇಪ್ಪತ್ತಿಪ್ಪತ್ತು ಗಿಡ ನೋಡಿ, ಎಣಿಸಿ. ಬಿಳಿ ಗೂಡು ಅಂಟಿದ ಎಲೆಯೋ ಸೆಟೆದು ಬಿಳಿಯಾದ ಹುಳವೋ ಕಂಡರೆ ಒಂದೆರಡನ್ನು ಬೆಂಕಿಪೊಟ್ಟಣದಲ್ಲಿ ಹಾಕಿಕೊಂಡು ಚನ್ನಗಿರಿ ತಾಲ್ಲೂಕಿನ ಕತ್ತಲಗೆರೆ ಸಂಶೋಧನಾ ಕೇಂದ್ರಕ್ಕೋ ದಾವಣಗೆರೆಯ ತರಳಬಾಳು ಕೃಷಿ ವಿಜ್ಞಾನ ಕೇಂದ್ರಕ್ಕೋ ಒಯ್ದು ತೋರಿಸಿ. ಉಳಿದವನ್ನು ಹೊಲದಲ್ಲೇ ಬಿಡಿ.